‘ಅಂತೆ’, ‘ಎನ್ನಲಾಗಿದೆ’, ಫಾರ್ವರ್ಡ್: ಕೊಡಗಿನ ಸುದ್ದಿಭಾಷೆಯಲ್ಲಿ ಮಾಹಿತಿಮೂಲದ ಗುರುತುಗಳು

2018ರ ಆಗಸ್ಟ್ ತಿಂಗಳ ನಡುಭಾಗದಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಕುಸಿಯತೊಡಗಿದಾಗ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಮೂರೇ ಪದಗಳ ಒಂದು ಸಂದೇಶ ಬಂತು: ಊರಿನ ಸೇತುವೆ ಹೋಗಿದೆ. ಯಾವ ಊರು, ಯಾವಾಗ, ಯಾರು ಕಂಡದ್ದು ಎಂಬ ಯಾವುದೂ ಅದರಲ್ಲಿರಲಿಲ್ಲ. ಅಕ್ಷರ ಒತ್ತಿ ಅಭ್ಯಾಸವಿಲ್ಲದ ನನ್ನ ದೊಡ್ಡವ್ವ ಧ್ವನಿಸಂದೇಶದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ನೀನು ನೋಡಿದ್ದೋ, ಕೇಳಿದ್ದೋ? ಕಳುಹಿಸಿದವನು ಕೇಳಿದ್ದು ಎಂದ. ಹಾಗಿದ್ದರೆ ‘ಗಡ’ ಎಂದು ಹೇಳಬಾರದಿತ್ತೇ ಎಂದು ಅವರು ಗದರಿದರು. ಸೇತುವೆ ಆ ದಿನ ನಿಂತೇ ಇತ್ತು.

ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ‘ಗಡ’ ಎಂಬುದು, ಮಾತನಾಡುವವರು ತಾವು ಕಣ್ಣಾರೆ ಕಾಣದೆ ಇತರರಿಂದ ಕೇಳಿದ ಸಂಗತಿಯನ್ನು ಹೇಳುವಾಗ ವಾಕ್ಯದ ಕೊನೆಗೆ ಅಂಟಿಸುವ ಕಿರುರೂಪ. ಕನ್ನಡದ ‘ಅಂತೆ’ಗೆ ಅದು ಸಮಾನ. ದೊಡ್ಡವ್ವನ ಗದರಿಕೆಯನ್ನು ವ್ಯಾಕರಣದ ಪರಿಭಾಷೆಗೆ ತಂದರೆ ಹೀಗಾಗುತ್ತದೆ: ಮಾಹಿತಿಮೂಲವನ್ನು ಸೂಚಿಸಬೇಕಾದ ಸ್ಥಾನವನ್ನು ಖಾಲಿ ಬಿಟ್ಟದ್ದರಿಂದ, ಕೇಳಿದ ಸಂಗತಿ ಕಂಡ ಸಂಗತಿಯಂತೆ ಓದಿಸಿಕೊಂಡಿತು. ಪ್ರಸ್ತುತ ಲೇಖನವು ಈ ಖಾಲಿ ಸ್ಥಾನದ ಚರಿತ್ರೆಯನ್ನು ಕೊಡಗಿನ ಪತ್ರಿಕೋದ್ಯಮದ ನೆಲೆಯಲ್ಲಿ ಪರಿಶೀಲಿಸುತ್ತದೆ. ಸುದ್ದಿಯು ಅಚ್ಚಿನಿಂದ ಅಂತರಜಾಲಕ್ಕೂ ಮೊಬೈಲಿಗೂ ಸಾಗಿದ ಬಗೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಜಾಹೀರಾತಿನ ಆದಾಯ, ಓದುಗರ ಸಂಖ್ಯೆ, ತಂತ್ರಜ್ಞಾನ ಎಂಬ ಮೂರು ನೆಲೆಗಳಲ್ಲಿ ನಿಲ್ಲುತ್ತವೆ. ಆ ಸ್ಥಿತ್ಯಂತರದಲ್ಲಿ ವಾಕ್ಯಕ್ಕೆ ಏನಾಯಿತು ಎಂಬುದು ನನ್ನ ಪ್ರಶ್ನೆ. ಇದು ಎಣಿಕೆಯ ಅಧ್ಯಯನವಲ್ಲ. ಉದಾಹರಣೆಯಾಗಿ ಕೊಟ್ಟಿರುವ ವಾಕ್ಯಗಳನ್ನು ವಿವರಣೆಗಾಗಿ ನಾನೇ ರಚಿಸಿದ್ದೇನೆ. ಆದರೆ ಅಂಥ ವಾಕ್ಯಗಳನ್ನು ದಿನಪತ್ರಿಕೆ ಓದುವ ಯಾವ ಕನ್ನಡಿಗನೂ ಗುರುತಿಸಬಲ್ಲ.

ಎರಡು ರಚನೆಗಳು

ಮಾಹಿತಿ ಎಲ್ಲಿಂದ ಬಂತೆಂಬುದನ್ನು ವ್ಯಾಕರಣದ ಮೂಲಕವೇ ಸೂಚಿಸುವ ವ್ಯವಸ್ಥೆಗೆ ಭಾಷಾವಿಜ್ಞಾನದಲ್ಲಿ ಎವಿಡೆನ್ಷಿಯಾಲಿಟಿ ಎಂಬ ಹೆಸರಿದೆ; ಇಲ್ಲಿ ‘ಮೂಲಸೂಚನೆ’ ಎಂದು ಕರೆಯುತ್ತೇನೆ. ಬೋವಾಸ್ ಅಮೆರಿಕದ ಮೂಲನಿವಾಸಿಗಳ ಭಾಷೆಗಳಲ್ಲಿ ಗುರುತಿಸಿದ್ದ ಈ ಸಂಗತಿಗೆ ಕ್ರಿಯಾಪದದ ವರ್ಗಗಳ ನಡುವೆ ಒಂದು ಸ್ಥಾನ ಕೊಟ್ಟದ್ದು ಯಾಕೊಬ್ಸನ್ 1957ರಲ್ಲಿ ಪ್ರಕಟಿಸಿದ ರಷ್ಯನ್ ಕ್ರಿಯಾಪದದ ಅಧ್ಯಯನ. (ಮಡಿಕೇರಿಯಲ್ಲಿ ‘ಶಕ್ತಿ’ ಪತ್ರಿಕೆ ಆರಂಭವಾದದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ; ಆದರೆ ನನ್ನ ವಿದ್ಯಾರ್ಥಿಗಳಿಗೆ ಎರಡೂ ಇಸವಿಗಳು ಈ ಕಾರಣಕ್ಕೇ ನೆನಪಿನಲ್ಲಿ ಉಳಿಯುತ್ತವೆ.) ಐಖೆನ್‌ವಾಲ್ಡ್ ಅವರ 2004ರ ಗ್ರಂಥ ಈ ವ್ಯವಸ್ಥೆಗಳ ವರ್ಗೀಕರಣವನ್ನು ವಿಸ್ತಾರವಾಗಿ ಮಾಡಿದೆ. ‘ಕೇಳಿದ್ದು’ ಎಂಬ ಒಂದೇ ಗುರುತನ್ನುಳ್ಳ, ಉಳಿದುದನ್ನು ಗುರುತಿಲ್ಲದೆ ಬಿಡುವ ಭಾಷೆಗಳು ಅದರಲ್ಲಿ ಒಂದು ವರ್ಗ.

ಕೊಡಗಿನಲ್ಲಿ ಆಡುವ ಭಾಷೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಅಚ್ಚರಿಯ ಸಾಮ್ಯ ಕಾಣುತ್ತದೆ. ಕನ್ನಡದಲ್ಲಿ ‘ಬಂದನಂತೆ’, ತುಳುವಿನಲ್ಲಿ ‘ಬತ್ತೆಗೆ’, ಮಲಯಾಳದಲ್ಲಿ ‘ವನ್ನತ್ರೇ’, ಅರೆಭಾಷೆಯಲ್ಲಿ ಕ್ರಿಯಾಪದದ ಬೆನ್ನಿಗೆ ‘ಗಡ’. ಎಲ್ಲವೂ ವಾಕ್ಯಾಂತ್ಯದಲ್ಲಿ ಅಂಟುವ ಚಿಕ್ಕ ರೂಪಗಳು. ಹಳಗನ್ನಡ ಕಾವ್ಯಗಳಲ್ಲಿಯೂ ‘ಗಡ’ ಎಂಬ ಅವ್ಯಯವಿದೆ. ಅದಕ್ಕೂ ಅರೆಭಾಷೆಯ ರೂಪಕ್ಕೂ ಇರುವ ಚಾರಿತ್ರಿಕ ಸಂಬಂಧ ಪ್ರತ್ಯೇಕ ಚರ್ಚೆಗೆ ತಕ್ಕ ವಿಷಯ. ಇಲ್ಲಿ ಮುಖ್ಯವಾದುದು ಇಷ್ಟು: ಸಂತೆಯಲ್ಲಿ, ಬಸ್ಸಿನಲ್ಲಿ, ಕಾಫಿ ಕಣದಲ್ಲಿ ಸುದ್ದಿ ಯಾವ ಭಾಷೆಯಲ್ಲಿ ಸಾಗಿದರೂ ಅದರ ಬಾಲಕ್ಕೆ ‘ಇದು ನಾನು ಕಂಡದ್ದಲ್ಲ’ ಎಂಬ ಚೀಟಿ ಅಂಟಿಸಲು ಆ ಭಾಷೆಯಲ್ಲಿ ಸಿದ್ಧವಾದ ಸಾಧನವಿತ್ತು. ಒಂದು ಉಚ್ಚಾರಾಂಶದ ಇಲ್ಲವೇ ಎರಡು ಉಚ್ಚಾರಾಂಶಗಳ ಖರ್ಚಿನಲ್ಲಿ ಕೆಲಸ ಮುಗಿಯುತ್ತಿತ್ತು.

ಅಚ್ಚಿನ ಕನ್ನಡ ಸುದ್ದಿ ಈ ಸಾಧನವನ್ನು ಬಳಸಲಿಲ್ಲ. ವರದಿಯಲ್ಲಿ ‘ಅಂತೆ’ ಬರುವುದಿಲ್ಲ. ಬಂದರೆ ಹಾಸ್ಯ ಅಂಕಣದಲ್ಲಿ ಅಥವಾ ರಾಜಕೀಯ ಹರಟೆಯಲ್ಲಿ ಮಾತ್ರ. ‘ಅಂತೆಕಂತೆ’ ಎಂಬ ಜೋಡುನುಡಿಗೆ ಗಾಳಿಸುದ್ದಿ ಎಂಬ ಅರ್ಥ ಗಟ್ಟಿಯಾಗಿರುವಾಗ, ವಿಶ್ವಾಸಾರ್ಹತೆಯನ್ನೇ ಬಂಡವಾಳ ಮಾಡಿಕೊಂಡ ಪತ್ರಿಕೆ ಅದನ್ನು ದೂರವಿಟ್ಟದ್ದು ಸಹಜ. ಆ ಜಾಗಕ್ಕೆ ಬಂದವು ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’, ‘ಎಂದು ಹೇಳಲಾಗುತ್ತಿದೆ’, ‘ಎಂದು ಆರೋಪಿಸಲಾಗಿದೆ’ ಎಂಬ ರಚನೆಗಳು. ಇಂಗ್ಲಿಷ್ ಸುದ್ದಿಸಂಸ್ಥೆಗಳ ಪ್ರತಿಗಳನ್ನು ರಾತ್ರೋರಾತ್ರಿ ಅನುವಾದಿಸುತ್ತಿದ್ದ ಮೇಜುಗಳಲ್ಲಿ ಇವು ಹದಗೊಂಡವು ಎಂದು ಊಹಿಸಲು ಸಾಕಷ್ಟು ಕಾರಣವಿದೆ. ಮಾನನಷ್ಟ ಮೊಕದ್ದಮೆಯ ಭಯ ಅವಕ್ಕೆ ಇನ್ನಷ್ಟು ಬಲ ಕೊಟ್ಟಿತು.

‘ಅಂತೆ’ಯನ್ನೇ ಶಿಷ್ಟವಾಗಿ ಹೇಳಿದರೆ ‘ಎನ್ನಲಾಗಿದೆ’ ಎಂದಾಗುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಪತ್ರಿಕೋದ್ಯಮದ ತರಗತಿಗಳಲ್ಲಿ ಅದನ್ನು ಹಾಗೆಯೇ ಕಲಿಸುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಈ ಎರಡು ವಾಕ್ಯಗಳನ್ನು ನೋಡಬಹುದು:

(1) ಸೇತುವೆ ಕುಸಿದಿದೆಯಂತೆ.
(2) ಸೇತುವೆ ಕುಸಿದಿದೆ ಎನ್ನಲಾಗಿದೆ.

(1)ಕ್ಕೆ ಕೇಳುಗ ‘ಸುಳ್ಳು’ ಎಂದು ಉತ್ತರಿಸಿದರೆ ಆತ ನಿರಾಕರಿಸುತ್ತಿರುವುದು ಸೇತುವೆಯ ಕುಸಿತವನ್ನು. ಹೇಳಿದವನು ಹಾಗೆ ಕೇಳಿದ್ದನ್ನಲ್ಲ. (2)ಕ್ಕೆ ‘ಸುಳ್ಳು, ಹಾಗೆ ಯಾರೂ ಹೇಳಿಲ್ಲ’ ಎಂದು ಉತ್ತರಿಸುವುದು ಸಾಧ್ಯ. ಅಂದರೆ (2)ರಲ್ಲಿ ‘ಹೇಳಿದ್ದಾರೆ’ ಎಂಬುದೇ ಪ್ರತಿಪಾದಿತ ಸಂಗತಿ. (1)ರಲ್ಲಿ ಅದು ಪ್ರತಿಪಾದನೆಯ ಹೊರಗೆ ನಿಂತು ಹೇಳುವವನ ನಿಲುವನ್ನು ಮಾತ್ರ ಸೂಚಿಸುತ್ತದೆ. ‘ಎನ್ನಲಾಗಿದೆ’ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ (‘ಎನ್ನಲಾಗುತ್ತಿತ್ತು’), ನಿಷೇಧವನ್ನು ಪಡೆಯುತ್ತದೆ (‘ಎನ್ನಲಾಗದು’). ‘ಅಂತೆ’ಗೆ ಕಾಲವೂ ಇಲ್ಲ, ನಿಷೇಧವೂ ಇಲ್ಲ. ‘ಎನ್ನು’ ಧಾತುವಿನ ಕುಲಕ್ಕೇ ಸೇರಿದ್ದರೂ ಅದು ಕ್ರಿಯಾಪದವಾಗಿ ಉಳಿದಿಲ್ಲ, ಕ್ಲಿಟಿಕ್ ಆಗಿದೆ. ಇನ್ನೊಂದು ವ್ಯತ್ಯಾಸವೂ ಇದೆ. ‘ನಾನು ಹಾಗೆ ಹೇಳಿದೆನಂತೆ’ ಎಂಬ ವಾಕ್ಯದಲ್ಲಿ ವ್ಯಂಗ್ಯ ತಾನಾಗಿ ಹುಟ್ಟುತ್ತದೆ, ಏಕೆಂದರೆ ತನ್ನ ಮಾತನ್ನು ತಾನೇ ಇತರರಿಂದ ಕೇಳಬೇಕಾದ ಅಸಂಗತ ಸ್ಥಿತಿ ಅಲ್ಲಿದೆ. ‘ನಾನು ಹಾಗೆ ಹೇಳಿದ್ದೇನೆ ಎನ್ನಲಾಗಿದೆ’ ಎಂಬುದು ರಾಜಕಾರಣಿಯ ಸ್ಪಷ್ಟೀಕರಣದಂತೆ ಕೇಳಿಸುತ್ತದೆ. ವ್ಯಂಗ್ಯ ಬೇಕಿದ್ದರೆ ಧ್ವನಿಯಲ್ಲಿ ತರಬೇಕು.

‘-ಲಾಗು’ ರಚನೆಯ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. ‘ಆರೋಪಿಯನ್ನು ಬಂಧಿಸಲಾಗಿದೆ’ ಎಂಬಲ್ಲಿ ಕರ್ಮವು ದ್ವಿತೀಯಾ ವಿಭಕ್ತಿಯಲ್ಲಿಯೇ ಉಳಿಯುತ್ತದೆ, ಕರ್ತೃ ಮಾತ್ರ ಮರೆಯಾಗುತ್ತಾನೆ. ಇಂಗ್ಲಿಷಿನ ಕರ್ಮಣಿಯಲ್ಲಿ ಕರ್ಮ ಕರ್ತೃವಿನ ಪೀಠಕ್ಕೆ ಏರುತ್ತದೆ. ಇಲ್ಲಿ ಪೀಠ ಖಾಲಿ ಉಳಿಯುತ್ತದೆ. ಕರ್ತೃವನ್ನು ಅಳಿಸಲೆಂದೇ ಒದಗಿಬಂದಂತಿರುವ ಈ ರಚನೆ ಸರಕಾರಿ ಆದೇಶಗಳಿಗೂ ಪತ್ರಿಕೆಗಳಿಗೂ ಸಮಾನವಾಗಿ ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ‘ಅಂತೆ’ ಎಂದವನು ‘ನಾನು ಕಂಡಿಲ್ಲ’ ಎಂದು ತನ್ನ ಮೇಲೆ ಹೊಣೆ ಹೊತ್ತುಕೊಳ್ಳುತ್ತಾನೆ. ‘ಎನ್ನಲಾಗಿದೆ’ ಎಂದು ಬರೆಯುವವನು ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಲ್ಲಚ್ಚಿನಿಂದ ಮೊಳೆಯಚ್ಚಿಗೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಸಂಪಾದಕ ಹರ್ಮನ್ ಮೋಗ್ಲಿಂಗ್. ಮರುವರ್ಷವೇ ಅದು ಬಳ್ಳಾರಿಗೆ ಸಾಗಿ ‘ಕನ್ನಡ ಸಮಾಚಾರ’ವಾಯಿತು, ಮೊಳೆಗಳಲ್ಲಿ ಅಚ್ಚಾಯಿತು. ಪತ್ರಿಕಾ ಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಗೆ ಮೋಗ್ಲಿಂಗನನ್ನು ಕೈಬಿಡುತ್ತವೆ. ಆದರೆ ಇದೇ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು ನೆಲೆಸಿದ, 1855ರಲ್ಲಿ ಆತನ ‘ಕೂರ್ಗ್ ಮೆಮಾಯರ್ಸ್’ ಬೆಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ಪತ್ರಿಕೆಯನ್ನು ಕೊಟ್ಟವನು ಕೊಡಗಿನ ಬಗ್ಗೆ ಬರೆಯುವಾಗ ಇಂಗ್ಲಿಷನ್ನು ಆರಿಸಿಕೊಂಡ ಎಂಬುದು ಕೊಡಗಿನ ಸುದ್ದಿಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆ ಹೊತ್ತಿಗಾಗಲೇ ಕೊಡಗಿನಲ್ಲಿ ಬರಹದ ಭಾಷೆ ಯಾವುದೆಂಬುದು ನಿಶ್ಚಿತವಾಗಿತ್ತು. ಹಾಲೇರಿ ಅರಸರ ಆಡಳಿತ ಕನ್ನಡದಲ್ಲಿ ನಡೆಯುತ್ತಿತ್ತು. ದೊಡ್ಡ ವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ ಕನ್ನಡ ಗದ್ಯ. 1834ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ವಶಪಡಿಸಿಕೊಂಡ ಮೇಲೂ ಕೆಳಹಂತದ ದಾಖಲೆಗಳಲ್ಲಿ ಕನ್ನಡ ಮುಂದುವರಿಯಿತು. ಆಡುವುದು ಕೊಡವ ತಕ್ಕ್, ಅರೆಭಾಷೆ, ಎರವ, ತುಳು, ಮಲಯಾಳ, ಬರೆಯುವುದು ಕನ್ನಡ. ಕ್ಯಾಪ್ಟನ್ ಕೋಲ್ 1867ರಲ್ಲಿ ಕೊಡವ ತಕ್ಕಿಗೆ ವ್ಯಾಕರಣ ಬರೆದ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ 1924ರಲ್ಲಿ ಕನ್ನಡ ಲಿಪಿಯಲ್ಲಿ ಬಂತು. ಅದರಿಂದ ಕೊಡವ ತಕ್ಕಿಗೆ ಅಚ್ಚಿನ ಬಾಗಿಲು ತೆರೆಯಿತು. ಆದರೆ ತೆರೆದದ್ದು ಹಾಡಿಗೆ, ಪರಂಪರೆಗೆ. ದಿನದ ಸುದ್ದಿ ಕನ್ನಡದಲ್ಲಿಯೇ ಉಳಿಯಿತು. 1920ರ ದಶಕದ ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಪಂದ್ಯಂಡ ಬೆಳ್ಯಪ್ಪನವರ ‘ಕೊಡಗು’ ವಾರಪತ್ರಿಕೆ ಬಂದದ್ದೂ ಕನ್ನಡದಲ್ಲಿ.

ಹೀಗಾಗಿ ಕೊಡಗಿನ ವರದಿಗಾರನ ಕೆಲಸದಲ್ಲಿ ಮೊದಲಿನಿಂದಲೂ ಒಂದು ಅನುವಾದ ಅಡಗಿತ್ತು. ಘಟನೆಯನ್ನು ಆತ ಕೇಳುತ್ತಿದ್ದುದು ಒಂದು ಭಾಷೆಯಲ್ಲಿ, ಬರೆಯುತ್ತಿದ್ದುದು ಇನ್ನೊಂದರಲ್ಲಿ. ಕೇಳುವಾಗ ವಾಕ್ಯದ ತುದಿಯಲ್ಲಿದ್ದ ‘ಗಡ’, ‘ಗೆ’, ‘ಅತ್ರೇ’ಗಳು ಬರೆಯುವಾಗ ಬಿದ್ದುಹೋಗಬೇಕಿತ್ತು, ಅಥವಾ ‘ತಿಳಿದುಬಂದಿದೆ’ ಎಂಬ ಉಡುಪು ತೊಡಬೇಕಿತ್ತು. ಮೈಸೂರಿನ, ಧಾರವಾಡದ ವರದಿಗಾರನೂ ಆಡುಮಾತಿನಿಂದ ಶಿಷ್ಟಕ್ಕೆ ದಾಟುತ್ತಾನೆ, ನಿಜ. ಆದರೆ ಅವನು ದಾಟುವುದು ಒಂದೇ ಭಾಷೆಯೊಳಗಿನ ಹೊಳೆ.

1956ರ ನವೆಂಬರ್ 1ರಂದು ಕೊಡಗು ರಾಜ್ಯ ಮೈಸೂರಿನೊಡನೆ ವಿಲೀನವಾಯಿತು. ಸ್ವಂತ ಶಾಸನಸಭೆ, ಸ್ವಂತ ಮುಖ್ಯಮಂತ್ರಿ ಇದ್ದ ಪ್ರದೇಶ ದೊಡ್ಡ ರಾಜ್ಯವೊಂದರ ಸಣ್ಣ ಜಿಲ್ಲೆಯಾಯಿತು. ಮರುವರ್ಷ ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಲ್ಲಿ ‘ಶಕ್ತಿ’ಯನ್ನು ಆರಂಭಿಸಿದರು. ರಾಜಧಾನಿಯ ಪತ್ರಿಕೆಗಳಲ್ಲಿ ಕೊಡಗಿಗೆ ಸಿಗುವ ಜಾಗ ಕೆಲವೇ ಸಾಲುಗಳು ಎಂಬ ಸ್ಥಿತಿಯಲ್ಲಿ, ಜಿಲ್ಲೆಯೊಳಗೇ ಬರೆದು ಜಿಲ್ಲೆಯೊಳಗೇ ಓದುವ ಪತ್ರಿಕೆಯೊಂದು ಆರು ದಶಕಗಳಿಗೂ ಮೀರಿ ಬಾಳಿದ್ದು ಕನ್ನಡ ಪತ್ರಿಕೋದ್ಯಮದಲ್ಲಿ ಗಮನಾರ್ಹ ಸಂಗತಿ. ಅಂಥ ಪತ್ರಿಕೆಯ ಓದುಗನಿಗೆ ಸುದ್ದಿಯಲ್ಲಿ ಬರುವ ಊರು, ಮನೆ, ಒಕ್ಕ ಮೊದಲೇ ಗೊತ್ತು. ಮೊದಲು ತೆರೆಯುವುದು ನಿಧನ ವಾರ್ತೆಯ ಅಂಕಣವನ್ನು. ಆ ಅಂಕಣದಲ್ಲಿ ‘ಎನ್ನಲಾಗಿದೆ’ ಬರುವಂತಿಲ್ಲ. ಮಾಹಿತಿ ಮನೆಯವರಿಂದಲೇ ಬಂದದ್ದು.

ಮೂಲಸೂಚನೆಯ ಹೊರೆಯನ್ನು ಕ್ರಿಯಾಪದವೊಂದೇ ಹೊರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಚ್ಚಿನ ಸುದ್ದಿಯ ನೆತ್ತಿಯ ಮೇಲೆ ಊರು ಮತ್ತು ದಿನಾಂಕ ಇರುತ್ತವೆ: ‘ಮಡಿಕೇರಿ, ಆ. 17’. ಅದರ ಕೆಳಗೆ ಬರುವ ‘ಇಲ್ಲಿ’ ಎಂದರೆ ಮಡಿಕೇರಿ, ‘ಇಂದು’ ಎಂದರೆ ಹದಿನೇಳು. ಸೂಚ್ಯಪದಗಳಿಗೆ ಲಂಗರು ಹಾಕುವ ಸಾಲು ಅದು. ಕೊಡಗಿನ ಸ್ಥಳೀಯ ಬರವಣಿಗೆಯಲ್ಲಿ ಈ ಎಚ್ಚರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ತಾ. 18ರಂದು’ ಎಂದು ಬರೆದು, ಬೇಕಿದ್ದರೆ ಆವರಣದಲ್ಲಿ ‘(ಇಂದು)’ ಎಂದು ಸೇರಿಸುವ ರೂಢಿಯಾಗಿದೆ. ಹೊರಗಿನವರಿಗೆ ಇದು ಪುನರುಕ್ತಿಯಂತೆ ಕಾಣುತ್ತದೆ. ಆದರೆ ಬರೆಯುವ ದಿನ, ಅಚ್ಚಾಗುವ ದಿನ, ಬಸ್ಸಿನಲ್ಲಿ ಊರು ಸೇರಿ ಓದುವ ದಿನ ಬೇರೆ ಬೇರೆಯಾಗಬಹುದಾದ ಮಳೆನಾಡಿನಲ್ಲಿ ‘ಇಂದು’ ಎಂಬ ಒಂಟಿ ಪದವನ್ನು ನಂಬುವಂತಿಲ್ಲ. ಹಳ್ಳಿಯ ಬಾತ್ಮೀದಾರನು ಬರೆದ ಹಾಳೆಯನ್ನು ಕವರಿಗೆ ಹಾಕಿ ಮಡಿಕೇರಿಯ ಬಸ್ಸಿನ ನಿರ್ವಾಹಕನ ಕೈಗೆ ಕೊಡುತ್ತಿದ್ದ ಕಾಲದಲ್ಲಿ ಈ ಪದ್ಧತಿ ಅನಿವಾರ್ಯವೂ ಆಗಿತ್ತು. ನಡುವಿನ ಆ ಗಂಟೆಗಳಲ್ಲಿ ಮೇಜಿನ ಮೇಲೆ ಯಾರೋ ಒಬ್ಬರು ಕೆಂಪು ಶಾಯಿ ಹಿಡಿದು ‘ಇದನ್ನು ಯಾರು ಹೇಳಿದರು?’ ಎಂದು ಕೇಳಲು ಅವಕಾಶವಿತ್ತು.

ಅಕ್ಷರಸಂಕೇತದ ತೊಡಕು

ಗಣಕೀಕರಣದ ಮೊದಲ ಘಟ್ಟವು ವಾಕ್ಯವನ್ನು ಮುಟ್ಟಲಿಲ್ಲ; ಬದಲಾದದ್ದು ಅಕ್ಷರ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗವಿತ್ತು. ಆದರೂ ಕನ್ನಡ ಮುದ್ರಣಾಲಯಗಳು ಬಹುಕಾಲ ತಮ್ಮ ತಮ್ಮ ಫಾಂಟುಗಳ ಖಾಸಗಿ ಸಂಕೇತಗಳಲ್ಲಿಯೇ ಅಕ್ಷರ ಜೋಡಿಸಿದವು. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲದಲ್ಲಿ ಮೊದಲ ಕನ್ನಡ ಪತ್ರಿಕೆಯಾಗಿ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಮನೆಮನೆಯಲ್ಲಿ ಕನ್ನಡ ಒತ್ತುವುದು ಸಾಧ್ಯವಾಯಿತು. ಆದರೆ ಒಂದು ಫಾಂಟಿನಲ್ಲಿ ಬರೆದುದು ಇನ್ನೊಂದರಲ್ಲಿ ಚಿತ್ರಲಿಪಿಯಾಗುತ್ತಿದ್ದ ಕಾಲ ಅದು. ಆದುದರಿಂದ ಸಣ್ಣ ಪತ್ರಿಕೆಗಳು ಜಾಲಕ್ಕೆ ಹೋದಾಗ ಪುಟವನ್ನು ಪಠ್ಯವಾಗಿ ಕೊಡದೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಕೊಟ್ಟವು.

ಸಂಶೋಧಕನ ದೃಷ್ಟಿಯಿಂದ ಇದು ನಷ್ಟ. ಚಿತ್ರದೊಳಗಿನ ಅಕ್ಷರವನ್ನು ಹುಡುಕುವಂತಿಲ್ಲ, ಪಠ್ಯಸಂಚಯ ಕಟ್ಟುವಂತಿಲ್ಲ. ಆದರೆ ಮೂಲಸೂಚನೆಯ ದೃಷ್ಟಿಯಿಂದ ಅನಿರೀಕ್ಷಿತ ಲಾಭವೊಂದು ಒದಗಿತು. ಪುಟದ ಚಿತ್ರ ಎಲ್ಲಿಗೆ ಹೋದರೂ ಪತ್ರಿಕೆಯ ಹೆಸರು, ದಿನಾಂಕ, ಊರಿನ ಸಾಲು ಅದರ ಜೊತೆಯಲ್ಲಿಯೇ ಹೋಗುತ್ತವೆ. 2020ರ ಲಾಕ್‌ಡೌನಿನಲ್ಲಿ ಕಾಗದವನ್ನು ಮುಟ್ಟಲು ಜನ ಹೆದರಿದಾಗ ಪತ್ರಿಕೆಗಳ ಪಿಡಿಎಫ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಗಾಗುವ ಮುನ್ನವೇ ಹರಡುತ್ತಿದ್ದವು. ಆ ಮುಖಪುಟದ ಚಿತ್ರ ಸುದ್ದಿಯೂ ಆಗಿತ್ತು, ಸುದ್ದಿಯ ಆಧಾರವೂ ಆಗಿತ್ತು. ಪತ್ರಿಕೆಯ ತುಣುಕನ್ನು ಅನುಕರಿಸುವ ಖೋಟಾ ಚಿತ್ರಗಳು ಹುಟ್ಟಿಕೊಂಡದ್ದೇ ಆ ರೂಪಕ್ಕಿದ್ದ ಬೆಲೆಗೆ ಸಾಕ್ಷಿ.

ಕೊಡವ ತಕ್ಕಿನ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಎಮನೋ ಅವರು 1930ರ ದಶಕದ ಕ್ಷೇತ್ರಕಾರ್ಯದಲ್ಲಿ ದಾಖಲಿಸಿ ಮುಂದೆ ವಿಶ್ಲೇಷಿಸಿದ ಅದರ ನಡು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ‘ತಕ್ಕ್’ ಎಂದು ಬರೆದಾಗ ಕೊನೆಯ ವ್ಯಂಜನದ ಮೇಲಿನ ಅರ್ಧಾಕ್ಷರ ಚಿಹ್ನೆಯೇ ಸ್ವರದ ಕೆಲಸ ಮಾಡುತ್ತದೆ, ಬಲ್ಲವರು ಓದಿಕೊಳ್ಳುತ್ತಾರೆ. ‘ಬ್ರಹ್ಮಗಿರಿ’, ‘ಪೂಮಾಲೆ’ಯಂಥ ಕೊಡವ ವಾರಪತ್ರಿಕೆಗಳು ಈ ಹೊಂದಾಣಿಕೆಯಲ್ಲಿಯೇ ನಡೆದವು. 2011ರ ಜನಗಣತಿಯಲ್ಲಿ ಈ ಭಾಷೆಯನ್ನು ಮಾತೃಭಾಷೆಯೆಂದು ಬರೆಸಿದವರು 1,13,857 ಮಂದಿ. 2001ರಲ್ಲಿ ಈ ಸಂಖ್ಯೆ 1,66,187 ಇತ್ತು. ಇಳಿಕೆಯಲ್ಲಿ ಗಣತಿಯ ವರ್ಗೀಕರಣದ ಪಾತ್ರವೂ ಇರಬಹುದು. ಏನಿದ್ದರೂ ಇಷ್ಟು ಸಣ್ಣ ಓದುಗವಲಯದಲ್ಲಿ ದಿನಪತ್ರಿಕೆ ನಡೆಸುವುದು ಕಷ್ಟ. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ (1994), ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ (2011) ಸಾಹಿತ್ಯಕ್ಕೆ ಆಸರೆಯಾದವು, ಮಡಿಕೇರಿ ಆಕಾಶವಾಣಿ ಎರಡೂ ಭಾಷೆಗಳಿಗೆ ಧ್ವನಿ ಕೊಟ್ಟಿತು. ದಿನದ ಸುದ್ದಿ ಈ ಭಾಷೆಗಳಲ್ಲಿ ದಿನವಿಡೀ ಹರಿಯತೊಡಗಿದ್ದು ಮಾತ್ರ ಸ್ಮಾರ್ಟ್‌ಫೋನಿನ ಧ್ವನಿಸಂದೇಶದಲ್ಲಿ.

2018

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾದ ಬೆಲೆ ಕುಸಿಯಿತು. ಎರಡು ವರ್ಷಗಳಲ್ಲಿ ವಾಟ್ಸ್‌ಆ್ಯಪ್ ಗುಂಪಿಲ್ಲದ ಊರು ಕೊಡಗಿನಲ್ಲಿ ಉಳಿಯಲಿಲ್ಲ. 2018ರ ಜುಲೈನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ದಾಟಿಸಿದ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ತೋರಿಸತೊಡಗಿತು, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಲು ಮಿತಿ ಹಾಕಿತು. ಭಾಷಾವಿಜ್ಞಾನಿಗೆ ಇದು ಕುತೂಹಲದ ಕ್ಷಣ. ನಮ್ಮ ಭಾಷೆಗಳಲ್ಲಿ ಇದ್ದೂ ಬರಹದಲ್ಲಿ ಬಳಕೆಯಾಗದಿದ್ದ ‘ಕೇಳಿದ್ದು’ ಎಂಬ ಗುರುತನ್ನು ಯಂತ್ರವೊಂದು ವಾಕ್ಯದ ಹೊರಗೆ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಅಂಟಿಸಿತು. ಆದರೆ ಆ ಗುರುತಿನ ವ್ಯಾಕರಣ ‘ಅಂತೆ’ಯದ್ದಲ್ಲ. ಕನ್ನಡಿಸಿದರೆ ಅದು ‘ದಾಟಿಸಲಾಗಿದೆ’ ಎಂದಾಗುತ್ತದೆ. ದಾಟಿಸಿದವನ ನಿಲುವು ಅದರಲ್ಲಿಲ್ಲ. ಅದನ್ನು ತಪ್ಪಿಸುವುದೂ ಸುಲಭ: ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಗುರುತು ಮಾಯ.

ಆಗಸ್ಟ್ 16, 17ರ ಹೊತ್ತಿಗೆ ಮಕ್ಕಂದೂರು, ಹೆಮ್ಮೆತ್ತಾಳು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಸಾಲುಸಾಲಾಗಿ ಜಾರಿದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಕಡಿದುಹೋಯಿತು. ವಿದ್ಯುತ್ತಿಲ್ಲ, ಹಲವೆಡೆ ಮೊಬೈಲ್ ಸಂಕೇತವಿಲ್ಲ. ಇದ್ದ ಕಡೆಗಳಲ್ಲಿ ಫೋನೇ ಪತ್ರಿಕೆ. ಯಾರ ಮನೆಯವರು ಯಾವ ಪರಿಹಾರ ಕೇಂದ್ರದಲ್ಲಿದ್ದಾರೆ, ಯಾವ ಗುಡ್ಡದ ಮೇಲೆ ಎಷ್ಟು ಜನ ಸಿಲುಕಿದ್ದಾರೆ ಎಂಬ ಮಾಹಿತಿ ವಾಟ್ಸ್‌ಆ್ಯಪ್ ಮೂಲಕವೇ ರಕ್ಷಣಾ ತಂಡಗಳಿಗೆ ತಲುಪಿತು. ಆ ದಿನಗಳಲ್ಲಿ ಬದುಕುಳಿದವರಲ್ಲಿ ಹಲವರು ಅದಕ್ಕೆ ಋಣಿಗಳು. ಡಿಜಿಟಲ್ ಸುದ್ದಿಯನ್ನು ಬರೀ ವದಂತಿಯ ಕಾರ್ಖಾನೆಯೆಂದು ಬಗೆಯುವ ಬರಹಗಳನ್ನು ಓದುವಾಗ ನನಗೆ ಈ ಸಂಗತಿ ನೆನಪಾಗುತ್ತದೆ.

ಅದೇ ದಿನಗಳ ಸಂದೇಶಗಳಲ್ಲಿ, ನನ್ನ ಸುತ್ತಿನ ಗುಂಪುಗಳಲ್ಲಿ ಕಂಡಷ್ಟರ ಮಟ್ಟಿಗೆ, ಎರಡು ಶೈಲಿಗಳು ಸ್ಪಷ್ಟವಾಗಿದ್ದವು. ಧ್ವನಿಸಂದೇಶಗಳು ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿದ್ದವು. ಅವುಗಳಲ್ಲಿ ಹೇಳುವವರು ತಾವು ಎಲ್ಲಿ ನಿಂತಿದ್ದೇವೆ, ಏನನ್ನು ಕಾಣುತ್ತಿದ್ದೇವೆ, ಏನನ್ನು ಕೇಳಿದ್ದೇವೆ ಎಂಬುದನ್ನು ಬಿಡಿಸಿ ಹೇಳುತ್ತಿದ್ದರು. ಕೇಳಿದ ಮಾತಿನ ಕೊನೆಗೆ ಆಯಾ ಭಾಷೆಯ ಗುರುತು ತಾನಾಗಿ ಬೀಳುತ್ತಿತ್ತು. ಅದೇ ಮಾಹಿತಿಯನ್ನು ಯಾರಾದರೂ ಹೆಚ್ಚು ಜನರಿಗೆ ತಲುಪಲೆಂದು ಕನ್ನಡದ ಅಕ್ಷರಕ್ಕಿಳಿಸಿದಾಗ ಗುರುತು ಬಿದ್ದುಹೋಗುತ್ತಿತ್ತು. ‘ಗಡ’ ಬರೆಯಲು ಸಂಕೋಚ, ‘ಅಂತೆ’ ಬರೆದರೆ ಯಾರೂ ನಂಬುವುದಿಲ್ಲ, ‘ಎನ್ನಲಾಗಿದೆ’ ಬರೆಯಲು ಪತ್ರಕರ್ತನ ಅಭ್ಯಾಸವಿಲ್ಲ. ಉಳಿಯುವುದು ಬೆತ್ತಲೆ ಕ್ರಿಯಾಪದ: ‘ಸೇತುವೆ ಹೋಗಿದೆ’. ಕನ್ನಡದಲ್ಲಿ ಗುರುತಿಲ್ಲದ ವಾಕ್ಯಕ್ಕೆ ‘ಕಂಡದ್ದು’ ಎಂಬ ಅರ್ಥ ಕಡ್ಡಾಯವಲ್ಲ. ಆದರೆ ‘ಅಂತೆ’ಯನ್ನು ನಿರೀಕ್ಷಿಸುವ ಸಂದರ್ಭದಲ್ಲಿ ಅದು ಇಲ್ಲದಿದ್ದರೆ ಕೇಳುಗ ಆ ಅರ್ಥವನ್ನೇ ಊಹಿಸಿಕೊಳ್ಳುತ್ತಾನೆ. ಕೊಡಗಿನ ಬರಹದ ಹಳೆಯ ವಿಭಜನೆ, ಅಂದರೆ ಆಡುವುದು ಒಂದು, ಬರೆಯುವುದು ಇನ್ನೊಂದು ಎಂಬುದು, ಹೀಗೆ ಪ್ರತಿಯೊಬ್ಬ ಫೋನ್ ಬಳಕೆದಾರನ ಬೆರಳ ತುದಿಗೆ ಬಂದು ನಿಂತಿತು. ಹಿಂದೆ ಆ ದಾಟುವಿಕೆಯನ್ನು ಮಾಡುತ್ತಿದ್ದವರು ಅದಕ್ಕಾಗಿ ತರಬೇತಿ ಪಡೆದ ಕೆಲವರು.

ದಿನಾಂಕದ ಲಂಗರು ಕೂಡ ಕಿತ್ತುಬಂದಿತ್ತು. ‘ಇಂದು ರಸ್ತೆ ಬಂದ್’ ಎಂಬ ಸಂದೇಶ ಮೂರು ದಿನ ಸುತ್ತಿದರೆ ಮೂರೂ ದಿನ ‘ಇಂದು’ ಹೊಸದಾಗಿಯೇ ಇರುತ್ತದೆ. ಸಂದೇಶದ ಪಕ್ಕದಲ್ಲಿ ಫೋನು ತೋರಿಸುವ ಸಮಯ ಅದು ನಮಗೆ ಬಂದ ಸಮಯ. ಅದನ್ನು ಬರೆದ ಸಮಯವಲ್ಲ. ಮಳೆಗಾಲದಲ್ಲಿ ಶಾಲೆಗಳ ರಜೆಯ ಪ್ರಕಟಣೆಗೆ ಆಗುವುದೂ ಇದೇ. ‘ನಾಳೆ ರಜೆ’ ಎಂಬ ಎರಡು ಪದಗಳು ಹಿಂದಿನ ವರ್ಷದ ಆದೇಶದ ಚಿತ್ರದೊಡನೆ ಮತ್ತೆ ಹುಟ್ಟಿ ಬರುವುದನ್ನು ಕೊಡಗು, ದಕ್ಷಿಣ ಕನ್ನಡದ ತಂದೆತಾಯಿಗಳೆಲ್ಲ ಬಲ್ಲರು. ‘ತಾ. 18ರಂದು (ಇಂದು)’ ಎಂಬ ಹಳೆಯ ರೂಢಿಯನ್ನು ಪುನರುಕ್ತಿಯೆಂದು ನಗುವವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ.

ಅನಂತರದ ವರ್ಷಗಳಲ್ಲಿ ಎರಡು ಕಡೆಯೂ ಹೊಂದಾಣಿಕೆಗಳು ನಡೆದಿವೆ. 2019ರಲ್ಲಿ ತೋರಾದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಕುಸಿತಗಳಾದಾಗ ಊರ ಗುಂಪುಗಳಲ್ಲಿ ಸಂದೇಶದ ತಲೆಗೆ ದಿನಾಂಕ ಮತ್ತು ಗಂಟೆ ಬರೆಯುವುದು, ಕೊನೆಗೆ ಕಳುಹಿಸಿದವರ ಊರು ಬರೆಯುವುದು ಹೆಚ್ಚು ಕಾಣಿಸಿತು. ಅಚ್ಚಿನ ಸುದ್ದಿಯ ಊರು-ದಿನಾಂಕದ ಸಾಲನ್ನು ಜನ ಯಾರೂ ಹೇಳಿಕೊಡದೆ ಮತ್ತೆ ಕಂಡುಕೊಂಡರು. ‘ಈಗಷ್ಟೇ ನಾನೇ ನೋಡಿ ಬಂದೆ’ ಎಂಬ ನೇರ ಸಾಕ್ಷ್ಯದ ವಾಕ್ಯವೂ ಸೂತ್ರದಂತೆ ಬಳಕೆಗೆ ಬಂತು. ‘ಅಂತೆ’ಯನ್ನು ಕೈಬಿಟ್ಟ ಬರಹ ಅದರ ವಿರುದ್ಧ ಪದವನ್ನು ಗುರುತುಗೊಳಿಸಬೇಕಾಯಿತು ಎಂದು ಇದನ್ನು ವಿವರಿಸಬಹುದು. ಅತ್ತ ಜಾಲದ ಸುದ್ದಿತಾಣಗಳ ಶೀರ್ಷಿಕೆಗಳಲ್ಲಿ ಮೂಲಸೂಚನೆಯ ಜಾಗವನ್ನು ಓದುಗನನ್ನು ಒಳಗೆಳೆಯುವ ನುಡಿಗಟ್ಟುಗಳು ಆಕ್ರಮಿಸಿವೆ: ‘ಇಲ್ಲಿದೆ ಸಂಪೂರ್ಣ ಮಾಹಿತಿ’, ‘ಆಮೇಲೇನಾಯ್ತು?’. ಅಚ್ಚಿನಲ್ಲಿ ಅನುಮಾನವನ್ನು ಸೂಚಿಸುತ್ತಿದ್ದ ‘ಮೂವರು ನಾಪತ್ತೆ?’ ಎಂಬಂಥ ಪ್ರಶ್ನಾರ್ಥಕ ಚಿಹ್ನೆ ಇಲ್ಲಿ ಕುತೂಹಲದ ಗಾಳವಾಗಿದೆ. ಚಿಹ್ನೆ ಅದೇ, ಕೆಲಸ ಬೇರೆ. ಜಾಲದ ವರದಿಯನ್ನು ಗಂಟೆಗೊಮ್ಮೆ ತಿದ್ದಿದಾಗ ಹಿಂದಿನ ‘ಎನ್ನಲಾಗಿದೆ’ ಯಾವಾಗ ಬರೀ ‘ಆಗಿದೆ’ ಆಯಿತೆಂದು ತಿಳಿಯುವ ದಾರಿಯೂ ಸಾಮಾನ್ಯವಾಗಿ ಇರುವುದಿಲ್ಲ. ಅಚ್ಚಿನಲ್ಲಿ ತಪ್ಪಾದರೆ ಮರುದಿನ ಮೂಲೆಯಲ್ಲಾದರೂ ‘ತಿದ್ದುಪಡಿ’ ಎಂಬ ಚೌಕ ಬರುತ್ತಿತ್ತು; ಅದು ಉಳಿಯುತ್ತಿತ್ತು.

ಈ ಕ್ಷೇತ್ರದಲ್ಲಿ ಕೆಲಸ ಮಾಡಬಯಸುವ ಸಂಶೋಧನಾರ್ಥಿಗಳಿಗೆ ಎದುರಾಗುವ ನಿಜವಾದ ಕಷ್ಟ ಸಾಮಗ್ರಿಯದ್ದು. 1843ರ ಕಲ್ಲಚ್ಚಿನ ಪತ್ರಿಕೆಯನ್ನು ಇಂದಿಗೂ ಓದಬಹುದು. 2018ರ ಆಗಸ್ಟಿನ ಧ್ವನಿಸಂದೇಶಗಳಲ್ಲಿ ಹೆಚ್ಚಿನವು ಹಳೆಯ ಫೋನುಗಳೊಂದಿಗೆ ಹೋಗಿವೆ. ಕೊಡಗಿನ ಐದಾರು ಭಾಷೆಗಳಲ್ಲಿ, ಸಹಜ ಸಂದರ್ಭದಲ್ಲಿ, ಪ್ರಾಣದ ಹಂಗಿನಲ್ಲಿ ಜನ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿ ಹೇಳಿದ ಅಂಥ ಸಂಚಯವನ್ನು ಯಾವ ಕ್ಷೇತ್ರಕಾರ್ಯದಿಂದಲೂ ಮತ್ತೆ ಪಡೆಯಲಾಗದು. ಇದ್ದಷ್ಟನ್ನು, ಕಳುಹಿಸಿದವರ ಒಪ್ಪಿಗೆ ಪಡೆದು, ಹೆಸರು ಮರೆಸಿ, ಭಾಷೆ ಮತ್ತು ದಿನಾಂಕದ ಟಿಪ್ಪಣಿಯೊಡನೆ ಸಂಗ್ರಹಿಸುವ ಕೆಲಸವನ್ನು ನನ್ನ ಮೂವರು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದಲೇ ಆರಂಭಿಸಿದ್ದಾರೆ. ದೊಡ್ಡವ್ವನ ಗದರಿಕೆ ಅದರಲ್ಲಿಲ್ಲ. ಅವರು ಫೋನನ್ನು ಬದಲಿಸಿದಾಗ ಅದು ಅಳಿದುಹೋಯಿತು. ಮೇಲೆ ಕೊಟ್ಟದ್ದು ನಾನು ನೆನಪಿನಿಂದ ಬರೆದದ್ದು.